ಉಸಿರು ಹಿಡಿದು ಕೇಳು

ಸೆಪ್ಟೆಂಬರ್ 3

ಅಕ್ಕನಿಗೆ ತಮ್ಮನ ನಮಸ್ಕಾರ.

ಇದನ್ನು ಕೂತು ಓದು. ನಿಂತು ಓದಿದರೆ ಕೈಯಲ್ಲಿರುವ ಸ್ಪ್ಯಾನರನ್ನು ನನ್ನ ದಿಕ್ಕಿಗೆ ಎಸೆಯುತ್ತೀಯ. ಅದು ಇಷ್ಟು ದೂರ ಬರುವುದಿಲ್ಲ, ಸುಮ್ಮನೆ ರಿಪೇರಿ ಷೆಡ್ಡಿನ ತಗಡು ತೂತಾಗುತ್ತದೆ.

ಕಲ್ಲು ಕೊಯ್ಯುವ ಕಾರ್ಖಾನೆ ಮುಚ್ಚಿತು. ಏಳು ವರ್ಷ ಗರಗಸದ ಮುಂದೆ ನಿಂತವರನ್ನು ಒಂದು ಬೆಳಗ್ಗೆ ಗೇಟಿನಾಚೆ ನಿಲ್ಲಿಸಿ ಬೀಗ ಜಡಿದರು. ಜೊತೆಯವರೆಲ್ಲ ವಿಮಾನ ಹತ್ತಿದರು. ನಾನು ಗಾಡಿ ಕೊಂಡೆ.

ಗೇಟು ಕಾಯುವವನ ಮನೆ ಹಿಂದೆ ಟಾರ್ಪಾಲಿನ ಕೆಳಗಿತ್ತು. ಅಪ್ಪನ ಗಾಡಿಯದೇ ಕಂಪನಿ, ಅದೇ ಮುನ್ನೂರೈವತ್ತು ಸಿಸಿ, ಒಂದೇ ಸಿಲಿಂಡರು. 'ಇದು ಗಾಡಿಯಲ್ಲ ಮಾರಾಯ, ಕೋಳಿಗೂಡು' ಅಂದ. ಸುಳ್ಳಲ್ಲ. ಸೀಟಿನ ಕೆಳಗೆ ಎರಡು ಮೊಟ್ಟೆ ಇದ್ದವು.

ನನ್ನನ್ನು ಇಲ್ಲಿಗೆ ಕಳಿಸಲು ನೀನು ಅಪ್ಪನ ಗಾಡಿ ಮಾರಿದ ದಿನ ನನಗೆ ನೆನಪಿದೆ. ಕೊಂಡವನು ಕಿಕ್ ಹೊಡೆದು ತಿರುವು ದಾಟುವವರೆಗೂ ನೀನು ತಲೆ ಬಗ್ಗಿಸಿ ಕೈ ಒರೆಸುತ್ತಲೇ ಇದ್ದೆ. ಕೈಯಲ್ಲಿ ಗ್ರೀಸೇ ಇರಲಿಲ್ಲ. ಆ ಷೆಡ್ಡಿನ ಮುಂದೆ ನಾನು ಬಸ್ಸಿನಿಂದ ಬರಿಗೈಯಲ್ಲಿ ಇಳಿಯಲಾರೆ. ಗಾಡಿಯ ಮೇಲೇ ಬರುತ್ತೇನೆ. ಕೀಲಿ ನಿನ್ನ ಕೈಗೆ ಕೊಡುತ್ತೇನೆ.

ದಾರಿ ಹೀಗೆ: ಮೊದಲು ಬಂದರಿನ ಊರು, ಆಮೇಲೆ ಉಪ್ಪಿನ ಗದ್ದೆಗಳ ಊರು, ಆಮೇಲೆ ಘಾಟಿಯ ಬುಡದ ಊರು. ಮೂರೂ ಅಂಚೆ ಕಚೇರಿಗಳ ವಿಳಾಸದ ಚೀಟಿ ಇದರಲ್ಲಿದೆ. ಅಲ್ಲಿಗೆ ಬರೆ, ನಾನು ಹೋಗಿ ಕೇಳಿ ತೆಗೆದುಕೊಳ್ಳುತ್ತೇನೆ. ನವೆಂಬರ್ ನಡುವಿಗೆ ಘಾಟಿಯ ಮೇಲೆ ಹಿಮ ಬಿದ್ದು ರಸ್ತೆ ಮುಚ್ಚುತ್ತದಂತೆ. ಅದಕ್ಕೆ ಮೊದಲು ದಾಟಿದರೆ, ಆಚೆ ಇಳಿದು ಹದಿನೈದು ದಿನಕ್ಕೆ ಮನೆ.

ಈಗ ನಿನ್ನ ಕೆಲಸ. ಅಪ್ಪನ ಕೇಳುವ ಕೋಲು ನಿನ್ನ ಹತ್ತಿರವೇ ಇದೆ. ನಾನು ಪೊರಕೆಯ ಹಿಡಿ ಕತ್ತರಿಸಿ ಒಂದು ಮಾಡಿಕೊಂಡೆ. ಒಂದು ತುದಿ ಇಂಜಿನ್ನಿಗೆ, ಇನ್ನೊಂದು ಕಿವಿಗೆ ಇಟ್ಟು ಅಪ್ಪ ಕೇಳುತ್ತಿದ್ದ ಹಾಗೇ ಕೇಳಿದೆ. ಎರಡು ಸದ್ದು ಇವೆ. ಒಂದು ಮೇಲಿನಿಂದ, ಬಲಗಡೆ: ಟಿಕ್ ಟಿಕ್ ಟಿಕ್, ಹೊಲಿಗೆ ಯಂತ್ರದ ಹಾಗೆ. ಇನ್ನೊಂದು ಎಲ್ಲಿಂದಲೋ ಗೊತ್ತಾಗುತ್ತಿಲ್ಲ: ಸುಂ...ಯ್, ತೆಳ್ಳಗೆ, ಕೆಟಲಿನಲ್ಲಿ ನೀರು ಕುದಿಯುವ ಮುಂಚೆ ಬರುವ ಹಾಗೆ.

ಷೆಡ್ಡಿನ ಪಕ್ಕದ ಗಿರಣಿಯವರ ಫೋನಿಗೆ ಮೂರು ಸಲ ಮಾಡಿದೆ. 'ಕರೆದೆ ಕಣಪ್ಪಾ, ಬರಲ್ಲ ಅಂತಾಳೆ. ಪತ್ರ ಹಾಕು ಅಂತ ಹೇಳಿ ಅಂತಾಳೆ' ಎಂದರು. ಎರಡು ವರ್ಷದಿಂದ ಇದೇ ಪಾಠ. ನನ್ನ ಮೇಲೆ ಏನು ಸಿಟ್ಟು, ಅಕ್ಕ? ಆ ಹಿಟ್ಟಿನ ಗಿರಣಿ ಈಗಲೂ ಅಷ್ಟೇ ಗಲಾಟೆಯೇ?

ನಿನ್ನ ತಮ್ಮ

*

ಸೆಪ್ಟೆಂಬರ್ 17
(ಬಂದರಿನ ಊರಿನ ಅಂಚೆ ಕಚೇರಿಗೆ)

ಗೂಬೆ,

ಕೂತೇ ಓದಿದೆ. ಸ್ಪ್ಯಾನರ್ ಎಸೆದದ್ದೂ ಕೂತೇ.

ಗಾಡಿ ಬೇಕೆಂದು ನಿನ್ನನ್ನು ಯಾರು ಕೇಳಿದ್ದರು? ಏಳು ವರ್ಷದಲ್ಲಿ ಒಂದು ಸಲ ಮನೆಗೆ ಬರಲು ಪುರುಸೊತ್ತಿರಲಿಲ್ಲ, ಈಗ ಊರೂರು ಸುತ್ತಿಕೊಂಡು ಬರುತ್ತಾನಂತೆ. ಶೋಕಿ ಮಾಡುವುದಾದರೆ ನಿನ್ನ ಹೆಸರಲ್ಲಿ ಮಾಡು. ಅದಕ್ಕೆ ಅಪ್ಪನ ಹೆಸರು, ನನ್ನ ಹೆಸರು ಅಂಟಿಸಬೇಡ. ವಿಮಾನದಲ್ಲಿ ಬಂದಿದ್ದರೆ ಈ ಹೊತ್ತಿಗೆ ನನ್ನ ಎದುರು ಕೂತು ಬೈಸಿಕೊಳ್ಳುತ್ತಿದ್ದೆ. ಈಗ ನೋಡು, ಬೈಗುಳಕ್ಕೂ ಅಂಚೆಚೀಟಿ ಹಚ್ಚಬೇಕು.

ಟಿಕ್ ಟಿಕ್ ಅಂದರೆ ಟ್ಯಾಪೆಟ್ ಸಡಿಲ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆ. ಪುಷ್ ರಾಡ್ ಬೆರಳಿನಲ್ಲಿ ಸರಾಗ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. ಅಷ್ಟೇ. ಜಾಸ್ತಿ ಬಿಗಿದು ಬುದ್ಧಿವಂತಿಕೆ ತೋರಿಸಬೇಡ.

ಎರಡನೆಯದು ನನಗೆ ಹಿಡಿಸಲಿಲ್ಲ. ಗ್ಯಾಸ್ಕೆಟ್ ಸೋರಿದರೆ ಇಂಜಿನ್ನಿನ ಒಂದೊಂದು ಹೊಡೆತಕ್ಕೂ ಸುಯ್, ಸುಯ್ ಎಂದು ತಾಳ ಹಾಕುತ್ತದೆ. ನೀನು ಅದನ್ನು ಎಳೆದು ಬರೆದಿದ್ದೀಯ. ತಾಳ ತಪ್ಪಿದ ಸದ್ದು ಇಂಜಿನ್ನಿಗೆ ಸೇರಿದ್ದಲ್ಲ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ, ಬರೆ. ಅಪ್ಪ ಹೇಳಿದ್ದು ನೆನಪಿದೆಯಲ್ಲ? ಕೋಲು ಕಿವಿಗಿಡುವ ಮೊದಲು ಉಸಿರು ಹಿಡಿ, ಇಪ್ಪತ್ತು ಎಣಿಸುವವರೆಗೆ. ಉಸಿರಾಡುತ್ತ ಕೇಳುವವನು ಗಾಡಿ ಕೇಳುವುದಿಲ್ಲ, ತನ್ನನ್ನೇ ಕೇಳಿಕೊಳ್ಳುತ್ತಾನೆ.

ಸಿಟ್ಟೇನೂ ಇಲ್ಲ. ಫೋನಿನಲ್ಲಿ ಇಂಜಿನ್ ಸದ್ದು ಸರಿಯಾಗಿ ಬರುವುದಿಲ್ಲ, ಪತ್ರದಲ್ಲಿ ಬರುತ್ತದೆ. ಗಿರಣಿ ಈಗ ಬಹಳ ಶಾಂತ. ಷೆಡ್ಡಿನಲ್ಲಿ ಕೆಲಸ ಸ್ವಲ್ಪ ಕಡಿಮೆ. ನಿನ್ನ ಪತ್ರ ಆರು ಸಲ ಓದಿದೆ, ಆ ಟಿಕ್ ಟಿಕ್ ಬರೆದ ಸಾಲನ್ನು ಇನ್ನೂ ಹೆಚ್ಚು.

ಅಕ್ಕ

*

ಅಕ್ಟೋಬರ್ 1

ಅಕ್ಕ,

ನಿನ್ನ ಬೈಗುಳ ಸಿಕ್ಕಿತು. ಬಂದರಿನ ಅಂಚೆ ಕಚೇರಿಯ ಹೆಂಗಸು ಪತ್ರ ಕೊಡುವಾಗ ನನ್ನ ಮುಖ ನೋಡಿ 'ಒಳ್ಳೇ ಸುದ್ದಿಯಾ?' ಅಂದಳು. ನಗುತ್ತಿದ್ದೆನಂತೆ.

ಟ್ಯಾಪೆಟ್ ಸರಿಹೋಯಿತು. ಟೈರಿನ ಅಂಗಡಿಯವನೊಬ್ಬ ತನ್ನ ಗೋದಾಮಿನಲ್ಲಿ ಮಲಗಲು ಬಿಟ್ಟಿದ್ದಾನೆ. ಅವನಿಗೆ ನಿನ್ನ ವಿಷಯ ಹೇಳಿದೆ: ನಮ್ಮೂರಲ್ಲಿ ಸ್ಪ್ಯಾನರ್ ಅಕ್ಕ ಅಂತ ಇದ್ದಾಳೆ, ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಏನು ಕೆಟ್ಟಿದೆ ಎಂದು ಹೇಳುತ್ತಾಳೆ ಎಂದು. ಅವನು ನಂಬಲಿಲ್ಲ. ಪತ್ರ ಓದಿ ಟ್ಯಾಪೆಟ್ ಬಿಗಿದು ತೋರಿಸಿದೆ. ಈಗ ತನ್ನ ಸ್ಕೂಟರಿನ ಸದ್ದನ್ನೂ ಬರೆದು ಕಳಿಸು ಅಂತಾನೆ.

ಸುಂಯ್ ಮಾತ್ರ ಹೋಗಿಲ್ಲ, ಹೆಚ್ಚಾಗಿದೆ. ನೀನು ಕೇಳಿದ್ದಕ್ಕೆ ಬರೆಯುತ್ತೇನೆ. ದಿಣ್ಣೆ ಹತ್ತುವಾಗ ಜಾಸ್ತಿ. ಹೆಲ್ಮೆಟ್ ಹಾಕಿದರೆ ಇನ್ನೂ ಸ್ಪಷ್ಟ. ಇಂಜಿನ್ ಆಫ್ ಮಾಡಿದ ಮೇಲೂ ಸುಮಾರು ಹೊತ್ತು ಇರುತ್ತದೆ, ಕಾದ ಲೋಹ ಆರುವ ಸದ್ದಿರಬೇಕು. ಗಾಡಿಯ ಪಕ್ಕದಲ್ಲೇ ಅಂಗಾತ ಮಲಗಿದರೆ ಕೇಳಿಸುತ್ತದೆ, ಎದ್ದು ಕೂತರೆ ಕಡಿಮೆ. ಎರಡು ಸಲ ಕಾರ್ಬುರೇಟರ್ ಬಿಚ್ಚಿ ತೊಳೆದೆ, ಸೈಲೆನ್ಸರ್ ಬಿಚ್ಚಿದೆ, ಗ್ಯಾಸ್ಕೆಟ್ ಹೊಸದು ಹಾಕಿದೆ. ಏನು ಮಾಡಿದರೂ ಅದೇ ರಾಗ.

ಉಸಿರು ಹಿಡಿದು ಕೇಳು ಅಂದೆಯಲ್ಲ, ಅದೊಂದು ಆಗುತ್ತಿಲ್ಲ. ನಾಲ್ಕು ಎಣಿಸುವಷ್ಟರಲ್ಲಿ ಕೆಮ್ಮು ಬರುತ್ತದೆ. ಕಾರ್ಖಾನೆಯ ಧೂಳು ಇನ್ನೂ ಗಂಟಲಲ್ಲಿದೆ. ಸಮುದ್ರದ ಗಾಳಿಗೆ ಹೋಗುತ್ತದೆ ಬಿಡು.

ಈ ಸುಂಯ್ ಏನೆಂದು ಹೇಳು, ಅಕ್ಕ. ಘಾಟಿಗೆ ಮೊದಲು ಗೊತ್ತಾಗಬೇಕು. ಅರ್ಧ ದಾರಿಯಲ್ಲಿ ಗಾಡಿ ಕೈಕೊಟ್ಟರೆ ನನಗೆ ಬೇರೆ ದಿಕ್ಕಿಲ್ಲ.

ತಮ್ಮ

*

ಅಕ್ಟೋಬರ್ 14
(ಎರಡು ಪ್ರತಿ: ಉಪ್ಪಿನ ಗದ್ದೆಗಳ ಊರಿಗೆ ಒಂದು, ಘಾಟಿಯ ಬುಡದ ಊರಿಗೆ ಒಂದು)

ತಮ್ಮಾ,

ಓದಿದ ತಕ್ಷಣ ಹೀಗೆ ಮಾಡು. ಗಾಡಿಯನ್ನು ಅಲ್ಲೇ ನಿಲ್ಲಿಸಿ ನೂರು ಹೆಜ್ಜೆ ಆಚೆ ನಡೆದು ಹೋಗಿ ಕೂತುಕೋ. ಗೋಡೆಗೆ ಒರಗು. ಮೂರೇ ಎಣಿಸು, ಅಷ್ಟು ಉಸಿರು ಹಿಡಿ. ಸದ್ದು ನಿಂತಿತೇ? ಬಿಟ್ಟಾಗ ಮತ್ತೆ ಬಂತೇ?

ಇಂಜಿನ್ ಅಂಗಾತ ಮಲಗುವುದಿಲ್ಲ ಕಣೋ. ನೀನು ಮಲಗುವುದು. ನೀನು ಎದ್ದರೆ ಕಡಿಮೆಯಾಗುವ ಸದ್ದು ಗಾಡಿಯದಾಗಲು ಹೇಗೆ ಸಾಧ್ಯ? ಅದು ನಿನ್ನ ಎದೆ. ಏಳು ವರ್ಷ ಕಲ್ಲಿನ ಹಿಟ್ಟು ಕುಡಿದ ಎದೆ. ಅಪ್ಪನ ಕೈಯಲ್ಲಿ ಕಲಿತವನು ಕಾರ್ಬುರೇಟರ್ ಎರಡು ಸಲ ತೊಳೆದೆಯಲ್ಲ, ಒಂದು ಸಲವಾದರೂ ನಿನ್ನ ಎದೆ ಮುಟ್ಟಿ ನೋಡಿಕೊಳ್ಳಬಾರದಿತ್ತೇ?

ಘಾಟಿ ಹತ್ತಬೇಡ. ಮೇಲೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ. ಅಲ್ಲಿ ಒಳ್ಳೆಯ ಗಾಡಿಗಳೇ ಕೆಮ್ಮುತ್ತವೆ. ಎಲ್ಲಿದ್ದೀಯೋ ಅಲ್ಲೇ ಆಸ್ಪತ್ರೆ ಹುಡುಕು.

ಈ ಪತ್ರ ನಿನಗಿಂತ ನಿಧಾನ ಎಂದು ಗೊತ್ತು. ಅದಕ್ಕೇ ಇವತ್ತೇ ಎರಡೂ ಊರಿಗೆ ತಂತಿ ಕೊಡುತ್ತಿದ್ದೇನೆ.

ಅಕ್ಕ

*

ಅಕ್ಟೋಬರ್ 27

ಅಕ್ಕ,

ಘಾಟಿಯ ಬುಡದಲ್ಲಿದ್ದೇನೆ. ಈ ತಿಂಗಳ ಹತ್ತರ ಹೊತ್ತಿಗೆ ಉಪ್ಪಿನ ಊರಿನಲ್ಲಿ ಎರಡು ದಿನ ನಿನ್ನ ಪತ್ರಕ್ಕೆ ಕಾದೆ. ಬರಲಿಲ್ಲ. ಇಲ್ಲಿಗೆ ಬಂದರೆ ಒಂದು ತಂತಿ ಕಾದಿತ್ತು. 'ಹತ್ತಬೇಡ. ಗಾಡಿ ಬಿಟ್ಟು ಬಾ. ಅಕ್ಕ.'

ಇಷ್ಟೇನಾ?

ನಾನು ಎರಡು ಪುಟ ಸದ್ದು ಬರೆದು ಕಳಿಸಿದ್ದಕ್ಕೆ ನೀನು ಮೂರು ಸಾಲು ಆಜ್ಞೆ ಕಳಿಸಿದ್ದೀಯ. ನನ್ನ ಕೈಯಲ್ಲಿ ಈ ಗಾಡಿ ಘಾಟಿ ಹತ್ತುವುದಿಲ್ಲ ಅಂತ ತಾನೆ? ಚಿಕ್ಕಂದಿನಿಂದಲೂ ನೀನು ಹೀಗೇ. ನಾನು ಬಿಗಿದ ನಟ್ಟನ್ನು ನೀನು ಮತ್ತೊಮ್ಮೆ ಬಿಗಿಯದೆ ಗಾಡಿ ಹೊರಗೆ ಬಿಟ್ಟವಳಲ್ಲ.

ಹೆಡ್ ಬಿಚ್ಚಿದ್ದೇನೆ. ಪಿಸ್ಟನ್ನಿಗೆ ಹೊಸ ರಿಂಗ್ ಹಾಕಿದ್ದೇನೆ. ಇಲ್ಲಿಯ ಮೇಸ್ತ್ರಿ ಕೇಳಿ 'ನಿನ್ನ ಗಾಡಿಯಲ್ಲಿ ಯಾವ ಸುಂಯ್ ಇಲ್ಲವಲ್ಲ' ಅಂದ. ಅವನ ಕಿವಿ ಮಂದ ಇರಬೇಕು. ಬಯಲ ದಾರಿಯಲ್ಲಿ ಸುತ್ತಿ ಬಂದರೆ ಎರಡು ತಿಂಗಳು ಹೆಚ್ಚು ಬೇಕು, ಈ ದೇಶದಲ್ಲಿರಲು ಕೊಟ್ಟ ಕಾಗದಗಳ ಗಡುವು ಇನ್ನು ಇಪ್ಪತ್ತೇ ದಿನ. ಮೊದಲೇ ಹೇಳಿದರೆ ಗಾಬರಿಯಾಗುತ್ತೀಯ ಎಂದು ಹೇಳಿರಲಿಲ್ಲ. ಬಸ್ಸಿನಲ್ಲಿ ಬಾ ಅಂತೀಯ. ಗಾಡಿ ಬಿಟ್ಟು ಬರಲು ನಾನು ಇಷ್ಟು ದೂರ ಯಾಕೆ ಬಂದೆ?

ಎರಡು ವರ್ಷದಿಂದ ನನ್ನ ದನಿ ಕೇಳಲು ಹತ್ತು ಹೆಜ್ಜೆ ನಡೆದು ಫೋನಿಗೆ ಬರದವಳು ನೀನು. ನೀನು ಬೇಡ ಅಂದ ಮಾತ್ರಕ್ಕೆ ನಿಲ್ಲಬೇಕೇ? ನಾಳೆ ಬೆಳಗ್ಗೆ ಹತ್ತುತ್ತೇನೆ.

ತಮ್ಮ

*

ನವೆಂಬರ್ 3
(ಘಾಟಿಯ ಬುಡದ ಊರಿಗೆ)

ತಮ್ಮಾ,

ತಂತಿ ಕೊಟ್ಟ ಮೇಲೆ ಹನ್ನೊಂದನೆಯ ಪತ್ರ ಇದು. ಒಂದನ್ನಾದರೂ ಓದಿದೆಯಾ? ಅಂಚೆಯವನು ನಮ್ಮ ಬೀದಿಗೆ ಬಂದರೆ ನಾನು ಮುಂದಿನ ಬೀದಿಯವರೆಗೆ ಅವನ ಹಿಂದೆ ಹೋಗುತ್ತೇನೆ. ಇವತ್ತು ಅವನು ನಿಂತು, ಚೀಲ ಪೂರ್ತಿ ನನ್ನ ಮುಂದೆ ಸುರಿದು ತೋರಿಸಿದ.

ತಂತಿಯಲ್ಲಿ 'ಎದೆ' ಎಂದು ಬರೆದಿದ್ದೆ. ಆಮೇಲೆ ಹೊಡೆದು ಹಾಕಿದೆ. ಯಾರೂ ಇಲ್ಲದ ಊರಿನಲ್ಲಿ, ಒಬ್ಬನೇ ನಿಂತು, ಆ ಒಂದು ಪದ ಓದಬಾರದು ಅಂತ. ಪತ್ರ ಹಿಂದೆಯೇ ಬರುತ್ತದೆ, ಅದರಲ್ಲಿ ನಿಧಾನವಾಗಿ ಹೇಳಿದ್ದೇನಲ್ಲ ಅಂತ. ತಪ್ಪು ಮಾಡಿದೆ. ಆ ಪದ ಬಿಟ್ಟ ಮೇಲೆ ಅದು ಬರೀ ಬೈಗುಳ. ಬೈದರೆ ನೀನು ಹಟ ಮಾಡುತ್ತೀಯ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಏನಾದರೂ ಬರೆ. ಬರೀ ಸದ್ದನ್ನೇ ಬರೆ. ಟಿಕ್ ಟಿಕ್ ಎಂದಷ್ಟೇ ಬರೆದು ಕಳಿಸು.

ಅಕ್ಕ

*

ನವೆಂಬರ್ 6

ಅಕ್ಕ,

ಇದ್ದೇನೆ. ಘಾಟಿಯ ಬುಡದ ಊರಿನ ಆಸ್ಪತ್ರೆಯಲ್ಲಿ, ಏಳನೆಯ ಮಂಚ, ಕಿಟಕಿಯ ಪಕ್ಕ.

ಹನ್ನೊಂದನೆಯ ತಿರುವಿನವರೆಗೆ ಹತ್ತಿದೆ. ಗಾಡಿ ಚೆನ್ನಾಗಿಯೇ ಎಳೆಯುತ್ತಿತ್ತು. ಸುಂಯ್ ಮಾತ್ರ ತಿರುವಿಗೊಂದು ಸ್ಥಾಯಿ ಏರುತ್ತ ಹೋಗಿ ಕೊನೆಗೆ ಬೇರೇನೂ ಕೇಳಿಸದಾಯಿತು. ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿ, ಪೊರಕೆಯ ಕೋಲು ಹಿಡಿದು ಮಂಡಿಯೂರಿದೆ. ಸದ್ದು ಇತ್ತು. 'ಇನ್ನೇನು ಬಿಚ್ಚಲಿ ನಿನ್ನಲ್ಲಿ?' ಎಂದು ಗಾಡಿಯನ್ನೇ ಕೇಳಿದೆ. ಆಮೇಲೆ ಮೈಲಿಗಲ್ಲಿನ ಮೇಲೆ ಕೂತೆ. ಏಳಲು ಆಗಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ನನ್ನ ಉಗುರುಗಳು ನೀಲಿಯಾಗಿದ್ದವು. ಬಣ್ಣ ತಾಗಿದೆಯೆಂದು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದೆ.

ಮೇಲಿನಿಂದ ಸಿಮೆಂಟ್ ಲಾರಿಯೊಂದು ಇಳಿದು ಬಂತು. ಡ್ರೈವರ್ ತಲೆ ಹೊರಗೆ ಹಾಕಿ 'ಏನಣ್ಣಾ, ಗಾಡಿ ಕೆಟ್ಟಿತಾ?' ಅಂದ. ಬಾಯಿ ತೆರೆದರೆ ಬರೀ ಕೆಮ್ಮು ಬಂತು. ಅವನ ಜೊತೆ ಅವನ ಭಾವ ಇದ್ದ. ಆ ಮನುಷ್ಯ ನನ್ನ ಗಾಡಿ ತಿರುಗಿಸಿ, ಇಂಜಿನ್ ಶುರು ಮಾಡದೆ ನ್ಯೂಟ್ರಲ್ಲಿನಲ್ಲೇ ಇಳಿಜಾರಿಗೆ ಬಿಟ್ಟುಕೊಂಡು ಮುಂದೆ ಹೋದ. ಗಾಡಿ ತಿರುವು ದಾಟಿತು. ಮರೆಯಾಯಿತು.

ಸದ್ದು ನನ್ನ ಹತ್ತಿರವೇ ಉಳಿಯಿತು.

ಆಗ ಉಸಿರು ಹಿಡಿದೆ, ಅಕ್ಕ. ಮೂರು ಎಣಿಸಿದೆ. ಮೂರೂ ಎಣಿಕೆ ನಿಶ್ಶಬ್ದ. ಕೆಳಗೆಲ್ಲೋ ನೀರು ಹರಿಯುವುದು ಕೇಳಿಸಿತು. ಬಿಟ್ಟೆ. ಮತ್ತೆ ಸುಂಯ್. ಡ್ರೈವರ್ ನನ್ನ ಕಂಕುಳಿಗೆ ಕೈ ಹಾಕಿ ಎತ್ತುತ್ತ ಮತ್ತೆ ಕೇಳಿದ, 'ಗಾಡಿಗೆ ಏನಾಗಿದೆ?' 'ಗಾಡಿಗೆ ಏನೂ ಆಗಿಲ್ಲ' ಅಂದೆ. ಎರಡು ತಿಂಗಳಲ್ಲಿ ನಾನು ಗಾಡಿಯ ಬಗ್ಗೆ ಹೇಳಿದ ಮೊದಲ ಸರಿಯಾದ ಮಾತು.

ನಿನ್ನ ಅಕ್ಟೋಬರ್ ಹದಿನಾಲ್ಕರ ಪತ್ರವನ್ನು ಇಲ್ಲಿಯ ಸಿಸ್ಟರಮ್ಮ ಅಂಚೆ ಕಚೇರಿಯಿಂದ ತಂದುಕೊಟ್ಟರು. ನಾನು ಹತ್ತಿದ ಮರುದಿನ ಬಂದಿತ್ತಂತೆ. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಹತ್ತುವ ಹಿಂದಿನ ದಿನ ನಾನು ನಿನಗೆ ಬರೆದದ್ದು ಈಗ ದಾರಿಯಲ್ಲಿದೆ. ಅದು ಬಂದರೆ ಒಡೆಯಬೇಡ, ಒಲೆಗೆ ಹಾಕು.

ಡಾಕ್ಟರರು ಸರಿಯಾಗಿ ಏನೂ ಹೇಳುತ್ತಿಲ್ಲ. ವಿಮಾನ ಬೇಡ, ಎತ್ತರ ಬೇಡ, ಧೂಳು ಬೇಡ ಅನ್ನುತ್ತಾರೆ. ಆಸ್ಪತ್ರೆಯ ಚೀಟಿ ತೋರಿಸಿದ್ದಕ್ಕೆ ಕಾಗದಗಳ ಗಡುವು ಮೂರು ತಿಂಗಳು ಮುಂದೆ ಹೋಯಿತು. ಕಾಲಿಗೆ ಶಕ್ತಿ ಬಂದ ದಿನ ಬಯಲ ದಾರಿ ಹಿಡಿದು ಹೊರಡುತ್ತೇನೆ. ಇಲ್ಲಿ, ಭಾಷೆ ಬಾರದವರ ನಡುವೆ ಮುಗಿಯಲು ನನಗೆ ಇಷ್ಟವಿಲ್ಲ. ಹೆದರಿಕೆಯಾಗುತ್ತಿದೆ, ಅಕ್ಕ. ಕಿಕ್ ಹೊಡೆಯುವಷ್ಟು ಶಕ್ತಿ ಬಂದರೆ ಸಾಕು.

ತಮ್ಮ

*

ನವೆಂಬರ್ 20
(ಏಳನೆಯ ಮಂಚಕ್ಕೆ)

ಗೂಬೆ,

ಎರಡೂ ಪತ್ರ ಬಂದವು. ಒಲೆಗೆ ಹಾಕು ಅಂದದ್ದನ್ನು ಮೊದಲೇ ಓದಿಯಾಗಿತ್ತು. ಇರಲಿ, ನೀನು ಕೇಳಿದ್ದರಲ್ಲಿ ನ್ಯಾಯವಿದೆ. ಉತ್ತರವನ್ನು ಮುಖ ನೋಡಿ ಹೇಳುತ್ತೇನೆ.

ನೀನು ಎಲ್ಲಿಗೂ ಹೊರಡುವುದಿಲ್ಲ. ನಿನ್ನ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ಸಿಸ್ಟರಮ್ಮನಿಗೆ ಬೇರೆ ತಂತಿ ಕೊಟ್ಟಿದ್ದೇನೆ: ಗಾಡಿಯ ಪ್ಲಗ್ ಬಿಚ್ಚಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ ಎಂದು. ಈಗ ಎಷ್ಟು ಬೇಕಾದರೂ ಕಿಕ್ ಹೊಡಿ.

ನೀನು ಒಮ್ಮೆ ಬಂದು ನೋಡು ಎಂದು ಹಟ ಮಾಡಿದ್ದಾಗ ಮಾಡಿಸಿದ ಪಾಸ್‌ಪೋರ್ಟ್ ಪೆಟ್ಟಿಗೆಯ ತಳದಲ್ಲಿತ್ತು. ಷೆಡ್ಡಿನ ಬೀಗದ ಕೈ ಗಿರಣಿಯವರಿಗೆ ಕೊಟ್ಟೆ. ಇವತ್ತು ಮಧ್ಯಾಹ್ನ ಹೊರಡುತ್ತೇನೆ. ರೈಲು, ಬಸ್ಸು, ಮತ್ತೆ ರೈಲು, ಬಯಲ ದಾರಿಯಲ್ಲೇ. ಮೂರು ವಾರ ಅಂತಾರೆ.

ಅಲ್ಲಿಯವರೆಗೆ ಉಸಿರಾಡುತ್ತಿರು. ಬೇರೆ ಕೆಲಸ ಇಟ್ಟುಕೊಳ್ಳಬೇಡ.

ಅಕ್ಕ

*

ಡಿಸೆಂಬರ್ 12

ಅಕ್ಕ,

ಈ ಪತ್ರಕ್ಕೆ ಅಂಚೆಚೀಟಿ ಬೇಡ. ನೀನು ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ನಾನು ಬರೆದು ಮುಗಿಸಲಿ ಎಂದು ಕಾಯುತ್ತಿದ್ದೀಯ.

ನಿನ್ನೆ ಬಸ್ಸು ಬಂದಾಗ ನಾನು ಆಸ್ಪತ್ರೆಯ ಗೇಟಿನ ಹತ್ತಿರವೇ ಇದ್ದೆ. ಎಂಟು ದಿನದಿಂದ ಪ್ರತಿ ಬಸ್ಸಿಗೂ ಅಲ್ಲೇ ಇರುತ್ತಿದ್ದೆ. ನೀನು ಇಳಿದೆ. 'ಅಕ್ಕಾ' ಎಂದೆ. ನನ್ನ ದನಿ ಬಿದ್ದುಹೋಗಿದೆ ಅಂದುಕೊಂಡು ಇದ್ದಬದ್ದ ಉಸಿರೆಲ್ಲ ಕೂಡಿಸಿ ಮತ್ತೆ ಕೂಗಿದೆ. ಚಾದಂಗಡಿಯವನು ತಿರುಗಿದ, ಬಸ್ಸಿನವನು ತಿರುಗಿದ, ನೀನು ತಿರುಗಲಿಲ್ಲ. ಹಿಂದೆ ರಿವರ್ಸ್ ಬರುತ್ತಿದ್ದ ಬಸ್ಸಿನ ಹಾರ್ನಿಗೂ ತಿರುಗಲಿಲ್ಲ. ಚಾದಂಗಡಿಯವನು ಓಡಿ ಬಂದು ನಿನ್ನ ತೋಳು ಹಿಡಿದೆಳೆದ. ಆಗ ನನಗೆ ಎಲ್ಲ ಗೊತ್ತಾಯಿತು: ಗಿರಣಿ ಯಾಕೆ ಶಾಂತ, ಷೆಡ್ಡಿನಲ್ಲಿ ಕೆಲಸ ಯಾಕೆ ಕಡಿಮೆ, ಫೋನು ಯಾಕೆ ಬೇಡ.

ಕಿವಿ ಸೋರಿ ಸೋರಿ ಎರಡು ವರ್ಷದ ಹಿಂದೆಯೇ ಹೋಯಿತು ಎಂದು ಇದೇ ಕಾಗದದ ಹಿಂಬದಿ ನೀನು ಬರೆದೆ. ಷೆಡ್ಡಿಗೆ ಬರುವವರು ಬಿಟ್ಟರು, ಇಂಜಿನ್ ಕೇಳದ ಮೇಸ್ತ್ರಿ ಯಾರಿಗೆ ಬೇಕು ಎಂದು ಬರೆದೆ. ಎರಡು ವರ್ಷದಲ್ಲಿ ನೀನು ಕೇಳಿದ ಒಂದೇ ಇಂಜಿನ್ ನನ್ನ ಪತ್ರದಲ್ಲಿ ಇದ್ದದ್ದು ಎಂದೂ ಬರೆದೆ. ನಾನು ಆ ಎರಡು ವರ್ಷ ನಿನ್ನದು ಸಿಟ್ಟು ಅಂದುಕೊಂಡಿದ್ದೆ.

ಈಗ ನನ್ನ ಸರದಿ. ಡಾಕ್ಟರರು ನಿನ್ನೆ ಬಾಯಿಬಿಟ್ಟು ಹೇಳಿದರು. ಎದೆಯಲ್ಲಿ ಕೂತದ್ದು ಕಲ್ಲು, ಅದು ಕರಗುವುದಿಲ್ಲ. ಎರಡು ವರ್ಷ ಅಂದರೆ ಹೆಚ್ಚು ಅಂದರು. ನೀನು ಅವರ ತುಟಿ ನೋಡುತ್ತಿದ್ದೆ. ನಿನಗೆ ಎಷ್ಟು ತಿಳಿಯಿತೋ ಎಂದು ಬರೆಯುತ್ತಿದ್ದೇನೆ. ಇನ್ನು ನಮ್ಮ ನಡುವೆ ಬಚ್ಚಿಟ್ಟದ್ದು ಏನೂ ಇಲ್ಲ.

ಆಮೇಲೆ ನೀನು ಚೀಲದಿಂದ ಅಪ್ಪನ ಕೋಲು ತೆಗೆದು, ಒಂದು ತುದಿ ನನ್ನ ಎದೆಗಿಟ್ಟು, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದೆ. ಪಕ್ಕದ ಮಂಚದವರೆಲ್ಲ ಎದ್ದು ಕೂತು ನೋಡಿದರು. ಸಿಸ್ಟರಮ್ಮ 'ಇದ್ಯಾವ ವೈದ್ಯ' ಅಂತ ನಕ್ಕರು. ನೀನು ಬಹಳ ಹೊತ್ತು ಹಾಗೇ ಇದ್ದೆ. ಏನು ಕೇಳಿಸಿತೆಂದು ಹೇಳಲೇ ಇಲ್ಲ. ಕೆಳಗೆ ಜಾಗ ಬಿಟ್ಟಿದ್ದೇನೆ, ಬರೆ.

ತಮ್ಮ

ಕಿವಿ ಹೋದರೂ ಮೂಳೆ ಕೇಳುತ್ತದೆ. ಹಲ್ಲಿನಲ್ಲಿ ಕಚ್ಚಿದರೆ ಸದ್ದು ಸಣ್ಣಗೆ ತಲೆಯೊಳಗೆ ಬರುತ್ತದೆ. ಇದನ್ನು ಕಂಡುಹಿಡಿಯುವಷ್ಟರಲ್ಲಿ ಷೆಡ್ಡಿಗೆ ಬರುವವರು ಯಾರೂ ಉಳಿದಿರಲಿಲ್ಲ.

ಕೇಳಿಸಿತು. ನೀನು ಬರೆದ ಹಾಗೇ ಇದೆ, ಒಂದು ಅಕ್ಷರವೂ ತಪ್ಪಿಲ್ಲ. ಬಹಳ ಸವೆದಿದೆ. ಆದರೆ ಓಡುತ್ತಿದೆ. ಬಯಲಲ್ಲಿ, ನಿಧಾನವಾಗಿ, ನಡುನಡುವೆ ನಿಲ್ಲಿಸಿಕೊಂಡು ಓಡಿಸಬೇಕಾದ ಗಾಡಿ.

ಪ್ಲಗ್ ನನ್ನ ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದೇನೆ. ಡಾಕ್ಟರರು ಬಿಟ್ಟ ದಿನ ಬೆಳಗ್ಗೆ ಹಾಕುತ್ತೇನೆ. ಓಡಿಸುವುದು ನಾನು. ನೀನು ಹಿಂದೆ ಕೂತು ಕಿವಿಯ ಕೆಲಸ ಮಾಡು. ಹಿಂದಿನಿಂದ ಲಾರಿ ಬಂದರೆ ಬಲಭುಜ ತಟ್ಟು, ಟ್ಯಾಪೆಟ್ ಟಿಕ್ ಅಂದರೆ ಎಡಭುಜ. ನಿನ್ನ ಎದೆಯ ಸುದ್ದಿ ಮಾತ್ರ ನೀನು ಹೇಳಬೇಕಾಗಿಲ್ಲ. ನನ್ನ ಬೆನ್ನಿಗೆ ಒರಗಿ ಕೂತಿರು. ನನಗೆ ತಿಳಿಯುತ್ತದೆ.